ನಡುವೆ ತೂತಿರುವ ದಿಂಬು

ಆವತ್ತಿನ ಪಟ್ಟಿಯಲ್ಲಿ ಏಳು ಜನರಿದ್ದರು. ಮೂರನೆಯವನು ನನ್ನ ತಮ್ಮ.

ನಾನು ಆಸ್ಪತ್ರೆಯ ಎಂಡೋಸ್ಕೋಪಿ ವಿಭಾಗದಲ್ಲಿ ನರ್ಸು. ಹತ್ತೊಂಬತ್ತು ವರ್ಷದಿಂದ, ಜನರ ಹೊಟ್ಟೆಯೊಳಕ್ಕೆ ಮೇಲಿಂದಲೋ ಕೆಳಗಿಂದಲೋ ಕ್ಯಾಮೆರಾ ಕೊಳವೆ ಇಳಿಸುವ ಡಾಕ್ಟರುಗಳ ಪಕ್ಕದಲ್ಲಿ ನಿಂತಿದ್ದೇನೆ. ನಮ್ಮವರೆಲ್ಲ ಊಟಕ್ಕೆ ಸೇರಿದಾಗ ನನ್ನ ಕೆಲಸದ ಸುದ್ದಿ ಯಾರೂ ಎತ್ತುವುದಿಲ್ಲ. ಊಟ ಮುಗಿದು ನಾನು ಪಾತ್ರೆ ತೊಳೆಯಲು ನಿಂತೆನೋ, ಒಬ್ಬೊಬ್ಬರೇ ಅಡುಗೆಮನೆಗೆ ಬರುತ್ತಾರೆ. ಚಿಕ್ಕಪ್ಪನಿಗೆ ಗ್ಯಾಸು, ಚಿಕ್ಕಮ್ಮನಿಗೆ ಎದೆಯುರಿ, ಭಾವನಿಗೆ ಮೂರು ದಿನದಿಂದ ಏನೂ ಆಗಿಲ್ಲ. ನಾನು ಕೈಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ, ತಿರುಗಿ ಕೂಡ ನೋಡದೆ, ಇಂಥದ್ದೇ ಎಂದು ಹೇಳಿಬಿಡುತ್ತೇನೆ. ಹತ್ತರಲ್ಲಿ ಒಂಬತ್ತು ಸಲ ನಾನು ಹೇಳಿದ್ದು ಸರಿಯಾಗಿರುತ್ತದೆ. ನನ್ನ ತಲೆ ಕೆಡಿಸಿದ್ದು ಆ ಒಂಬತ್ತೇ.

ತಮ್ಮ ನನಗಿಂತ ಏಳು ವರ್ಷ ಚಿಕ್ಕವನು. ಹುಟ್ಟಿದಾಗ ಉಂಡೆಯ ಹಾಗಿದ್ದ, ಅದಕ್ಕೇ ಗುಂಡ ಎಂದು ಕರೆದೆವು. ಈಗ ನಲವತ್ತಾರಾದರೂ ಅವನು ಗುಂಡನೇ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾನೆ. ಕಲಿಯುವವರ ಪಕ್ಕದ ಸೀಟಿನಲ್ಲಿ ದಿನಕ್ಕೆ ಎಂಟು ಗಂಟೆ ಕೂತು, ಕಾಲ ಕೆಳಗಿರುವ ಎರಡನೇ ಬ್ರೇಕನ್ನು ಒತ್ತುವುದೋ ಬಿಡುವುದೋ ಎಂದು ಯೋಚಿಸುತ್ತಿರುವುದೇ ಅವನ ಉದ್ಯೋಗ. ಸಿಟ್ಟು ಅವನ ಜಾಯಮಾನದಲ್ಲೇ ಇಲ್ಲ. ನಮ್ಮಿಬ್ಬರ ಪಾಲಿನದನ್ನೂ ನಾನೇ ತೆಗೆದುಕೊಂಡು ಹುಟ್ಟಿದೆ ಎಂದು ಅಮ್ಮ ಹೇಳುತ್ತಿದ್ದಳು.

ಎಂಟು ತಿಂಗಳ ಹಿಂದೆ ಅವನು ನನಗೆ ಫೋನ್ ಮಾಡಿದ್ದ. ನಾನು ಚಪ್ಪಲಿ ಅಂಗಡಿಯಲ್ಲಿದ್ದೆ. ಒಂದು ಕಾಲಿಗೆ ಹೊಸ ಶೂ ಹಾಕಿಕೊಂಡು, ಇನ್ನೊಂದು ಕಾಲು ಬರಿದೇ ಬಿಟ್ಟುಕೊಂಡು, ಅಂಗಡಿಯವನು ಜೊತೆಯ ಶೂ ತರಲೆಂದು ಕಾಯುತ್ತಿದ್ದೆ.

"ಅಕ್ಕಾ, ಒಂದು ವಿಷಯ ಕೇಳ್ಬೇಕಿತ್ತು. ನಗಬಾರದು."

"ಏನು ಹೇಳೋ."

"ಬೆಳಿಗ್ಗೆ ಹೋದಾಗ ರಕ್ತ ಬರ್ತಿದೆ."

"ಕೆಂಪಗಾ?"

"ಹ್ಞೂಂ, ಕೆಂಪಗೇ. ಒಂದೊಂದ್ಸಲ ಮಾತ್ರ..."

"ಮೂಲವ್ಯಾಧಿ ಕಣೋ ಅದು," ಎಂದೆ. ಅಂಗಡಿಯವನು ಶೂ ತಂದು ಮುಂದೆ ನಿಂತಿದ್ದ. "ದಿನವಿಡೀ ಕುರ್ಚಿಗೆ ಅಂಟಿಕೊಂಡು ಕೂತ್ರೆ ಇನ್ನೇನಾಗತ್ತೆ? ನೀರು ಕುಡಿ, ಸೊಪ್ಪು ಹಣ್ಣು ತಿನ್ನು, ಒಂದು ಮುಲಾಮಿನ ಹೆಸರು ಕಳಿಸ್ತೀನಿ. ನಿನ್ನಂಥವರನ್ನ ದಿನಕ್ಕೆ ಹತ್ತು ಜನ ನೋಡ್ತೀನಿ."

"ಅಷ್ಟೇನಾ?"

"ಅಷ್ಟೇ. ಇಡು ಫೋನು."

'ಒಂದೊಂದ್ಸಲ ಮಾತ್ರ' ಆದಮೇಲೆ ಏನು ಹೇಳಲು ಹೊರಟಿದ್ದ ಎಂದು ನಾನು ಕೇಳಲಿಲ್ಲ. ಶೂ ಕೊಂಡೆ. ಚೆನ್ನಾಗಿತ್ತು, ಈಗಲೂ ಡ್ಯೂಟಿಗೆ ಅದನ್ನೇ ಹಾಕುತ್ತೇನೆ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ನನಗೆ ತಮಾಷೆಯ ಚಟ. ಎರಡು ವಾರ ಬಿಟ್ಟು ಅವನ ಹುಟ್ಟಿದ ದಿನ ಬಂತು. ಔಷಧಿ ಅಂಗಡಿಯಿಂದ ನಾನೊಂದು ದಿಂಬು ತಂದೆ. ಮೂಲವ್ಯಾಧಿಯವರು ಕೂರಲೆಂದೇ ಮಾಡಿದ, ನಡುವೆ ತೂತಿರುವ, ದುಂಡನೆಯ ನೀಲಿ ದಿಂಬು. ಬಣ್ಣದ ಕಾಗದ ಸುತ್ತಿ, ರಿಬ್ಬನ್ ಕಟ್ಟಿ, ಎಲ್ಲರೂ ಕೇಕಿನ ಸುತ್ತ ನಿಂತಿರುವಾಗಲೇ ಕೊಟ್ಟೆ. ಅವನು ಬಿಚ್ಚಿದ. "ಏನಿದು, ಕುತ್ತಿಗೆಗೆ ಹಾಕ್ಕೊಳ್ಳೋದಾ?" ಎಂದು ಭಾವ ಕೇಳಿದರು. ನಾನು ವಿವರಿಸಿದೆ. ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗುಂಡನೂ ನಕ್ಕ. ಕಿವಿಯ ತುದಿ ಕೆಂಪಗಾಗಿದ್ದನ್ನು ನಾನು ಕಂಡೆ. ಕಂಡೂ ಇನ್ನೊಂದು ಮಾತು ಸೇರಿಸಿದೆ.

ಅದಾದ ಮೇಲೆ ಅವನು ಆ ವಿಷಯವನ್ನು ನನ್ನ ಹತ್ತಿರ ಎತ್ತಲೇ ಇಲ್ಲ. ವಾಸಿಯಾಗಿದೆ ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಸುಳ್ಳು, ಮರೆತೇ ಹೋಗಿತ್ತು.

ಪಟ್ಟಿಯ ಆ ದಿನಕ್ಕೆ ಮೂರು ವಾರದ ಹಿಂದೆ ಅವನ ಹೆಂಡತಿ ಒಗೆಯುವ ಬಟ್ಟೆಯಲ್ಲಿ ಕಲೆ ನೋಡಿ, ಅವನನ್ನು ಎಳೆದುಕೊಂಡು ಹತ್ತಿರದ ಕ್ಲಿನಿಕ್ಕಿಗೆ ಹೋದಳು. ಅಲ್ಲಿಯ ಡಾಕ್ಟರು ಬರೆದ ಚೀಟಿ ನಮ್ಮ ವಿಭಾಗಕ್ಕೆ ಬಂತು. ಪಟ್ಟಿ ಮಾಡುವವಳು ನಾನೇ ಆದ್ದರಿಂದ ಮೊದಲು ನೋಡಿದವಳೂ ನಾನೇ. ಗುದದ್ವಾರದಿಂದ ರಕ್ತಸ್ರಾವ, ಕೆಂಪು, ಒಂದು ತಿಂಗಳಿನಿಂದ. ಸಿಗ್ಮಾಯ್ಡೋಸ್ಕೋಪಿ ಮಾಡಿ ನೋಡಿ.

ಒಂದು ತಿಂಗಳು ಎನ್ನುವಲ್ಲಿ ನನ್ನ ಕಣ್ಣು ನಿಂತಿತು. ಬಹುಶಃ ಆಗಿನದು ವಾಸಿಯಾಗಿ ಈಗ ಮತ್ತೆ ಶುರುವಾಗಿರಬೇಕು, ಎಂದು ನನಗೆ ನಾನೇ ಹೇಳಿಕೊಂಡೆ. ನಂಬಲಿಲ್ಲ. ಅಂದಿನಿಂದ ನನ್ನ ಎದೆಯ ಮೇಲೆ ಕಲ್ಲು ಹೇರಿದಂತಾಗಿತ್ತು. ಒಳಗಿರುವುದು ಮೂಲವ್ಯಾಧಿಯೇ ಆಗಿದ್ದರೆ ನಾನು ಬಚಾವು. ಬೇರೆ ಏನಾದರೂ ಆಗಿದ್ದರೆ, ಅದಕ್ಕೆ ಬೆಳೆಯಲು ಎಂಟು ತಿಂಗಳು ಕೊಟ್ಟವಳು ನಾನು.

ಆವತ್ತು ಬೆಳಿಗ್ಗೆ ಒಂಬತ್ತೂವರೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಅವಳನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ, ಅವನನ್ನು ಒಳಗೆ ಕರೆದುಕೊಂಡೆ. ನಮ್ಮಲ್ಲಿ ಒಂದು ನಿಯಮವಿದೆ, ಮನೆಯವರ ಕೆಲಸವನ್ನು ನಾವೇ ಮಾಡುವಂತಿಲ್ಲ. ನನ್ನ ಜೊತೆಗೆ ಹನ್ನೆರಡು ವರ್ಷದಿಂದ ದುಡಿಯುತ್ತಿರುವ ಇನ್ನೊಬ್ಬ ನರ್ಸು, ಸ್ಥೂಲ ದೇಹದ, ಸಾವಧಾನದ ಹೆಂಗಸು, "ಕೊಡಿ, ನಾನು ನೋಡ್ಕೋತೀನಿ," ಎಂದು ಕೈ ಚಾಚಿದಳು. "ಫಾರಂ ಒಂದು ನಾನು ತುಂಬ್ತೀನಿ," ಎಂದೆ. ಆಕೆ ನನ್ನ ಮುಖ ನೋಡಿ, ಆಚೆ ಮೇಜಿನ ಹತ್ತಿರ ಹೋದಳು.

ಅಲರ್ಜಿ, ಮಾತ್ರೆಗಳು, ಹಳೆಯ ಆಪರೇಷನ್ನು, ಎಲ್ಲ ಕೇಳಿದೆ. ಆಮೇಲೆ ರಕ್ತಸ್ರಾವ ಎಷ್ಟು ದಿನದಿಂದ ಎನ್ನುವ ಸಾಲು ಬಂತು. ಪೆನ್ನು ಹಿಡಿದು ಅವನನ್ನು ನೋಡಿದೆ. ಅವನೂ ನನ್ನನ್ನು ನೋಡಿದ.

"ಒಂದು ತಿಂಗಳು," ಎಂದ. ಆ ಮೇಜಿನ ಹತ್ತಿರವಿದ್ದ ನರ್ಸಿಗೂ ಕೇಳುವಷ್ಟು ಜೋರಾಗಿಯೇ ಹೇಳಿದ.

"ಅದಕ್ಕೆ ಮುಂಚೆ?"

"ಮುಂಚೆ ಏನೂ ಇಲ್ಲ. ಬರಿ."

ನಾನು ಬರೆದೆ. ಒಂದು.

ಅದನ್ನು ಬರೆಯುವಾಗ ನನ್ನ ಕೈ ನಡುಗಲಿಲ್ಲ, ಅದನ್ನೂ ಹೇಳಬೇಕು. ಇಷ್ಟು ವರ್ಷದಲ್ಲಿ ರೋಗಿಯೊಬ್ಬ ಹೇಳುತ್ತಿರುವುದು ನಿಜವಲ್ಲ ಎಂದು ಅನಿಸಿದರೆ ನಾನು ಬಿಟ್ಟವಳಲ್ಲ. "ನೆನಪು ಮಾಡ್ಕೊಳ್ಳಿ, ನಮ್ಮ ಹತ್ರ ಯಾಕೆ ನಾಚಿಕೆ," ಎಂದು ಹಿಂಡಿ ಹಿಂಡಿ ಕೇಳುತ್ತೇನೆ. ಹಾಗಾಗಿಯೇ ಇಲ್ಲಿ ನನಗೆ ಹೆಡ್‌ಮೇಡಂ ಎಂದು ಅಡ್ಡಹೆಸರು. ಆವತ್ತು ಹೆಡ್‌ಮೇಡಂ ಬಾಯಿಗೆ ಬೀಗ ಬಿದ್ದಿತ್ತು.

ಪರೀಕ್ಷೆಗೆ ಮುಂಚೆ ಎನಿಮಾ ಕೊಡಬೇಕು. ಪುಟ್ಟ ಪ್ಲಾಸ್ಟಿಕ್ ಬಾಟಲಿಯ ದ್ರವವನ್ನು ಕೆಳಗಿನಿಂದ ಒಳಗೆ ಬಿಟ್ಟು, ಹತ್ತು ನಿಮಿಷ ತಡೆದು ಹಿಡಿದು, ಆಮೇಲೆ ಹೋದರೆ ಆ ಭಾಗ ಚೊಕ್ಕಟವಾಗುತ್ತದೆ. ಇಲ್ಲದಿದ್ದರೆ ಕ್ಯಾಮೆರಾಗೆ ಮಲ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ನನ್ನ ಜೊತೆಯವಳು ಕೈಗವಸು ಹಾಕಿಕೊಂಡು ಬಂದಾಗ ಗುಂಡ ಹಾಸಿಗೆಯ ಮೇಲೆ ಎದ್ದು ಕೂತ.

"ಅಕ್ಕಾ, ಇವರ ಕೈಲಿ ಬೇಡ."

"ಹಾಗಾದ್ರೆ ನಾನು..."

"ನೀನಂತೂ ಬೇಡವೇ ಬೇಡ. ನಾನೇ ಮಾಡ್ಕೋತೀನಿ. ಮೇಲೆ ಬರೆದಿದೆಯಲ್ಲ ಹೇಗೆ ಅಂತ."

ಅವನು ಹುಟ್ಟಿದ ವರ್ಷದಿಂದ ಅವನ ಅಂಡು ತೊಳೆದವಳು ನಾನು. ಆದರೂ ಆ ಕ್ಷಣದಲ್ಲಿ, ಅವನು ಬೇಡವೆಂದದ್ದು ನನಗೂ ಎಷ್ಟು ಹಗುರವೆನಿಸಿತು ಎಂದರೆ, ಬಾಟಲಿಯನ್ನು ಅವನ ಕೈಗೆ ಕೊಟ್ಟು ಟಾಯ್ಲೆಟ್ಟಿನ ಬಾಗಿಲು ತೋರಿಸಿಬಿಟ್ಟೆ. ಬೇರೆ ಯಾರಿಗೂ ಹೀಗೆ ಬಿಟ್ಟಿಲ್ಲ. ಹತ್ತು ನಿಮಿಷ, ಎಂದು ಹೇಳಿದೆ. ಹೊರಗೆ ಗೋಡೆಯ ಗಡಿಯಾರದ ಕೆಳಗೆ ನಿಂತೆ. ಮೂರನೇ ನಿಮಿಷಕ್ಕೆ ನೀರು ಬಿಟ್ಟ ಸದ್ದಾಯಿತು. ಐದಕ್ಕೆ ಅವನು ಹೊರಗಿದ್ದ.

"ಆಯ್ತಾ?"

"ಆಯ್ತು."

"ಹಿಡ್ಕೊಂಡ್ಯಾ?"

"ಆಯ್ತು ಅಂದ್ನಲ್ಲ."

ಮತ್ತೊಂದು ಬಾಟಲಿ ಅಲಮಾರಿಯಲ್ಲಿತ್ತು. ನಾನು ತೆಗೆಯಲಿಲ್ಲ. ಅವನೂ ಮುಖ ಬೇರೆ ಕಡೆ ತಿರುಗಿಸಿದ್ದ, ನಾನೂ ತಿರುಗಿಸಿದ್ದೆ.

ಈ ಸಿಗ್ಮಾಯ್ಡೋಸ್ಕೋಪಿಗೆ ಮತ್ತು ಬರಿಸುವುದಿಲ್ಲ. ಎಡ ಮಗ್ಗುಲಿಗೆ ಮಲಗಿ, ಮಂಡಿ ಎದೆಗೆ ಎಳೆದುಕೊಂಡರೆ ಹತ್ತು ನಿಮಿಷದ ಕೆಲಸ. ಬೆರಳು ದಪ್ಪದ ಕರಿ ಕೊಳವೆ, ಮೊಳಕ್ಕಿಂತ ಸ್ವಲ್ಪ ಉದ್ದ. ದೊಡ್ಡ ಕರುಳಿನ ಕೊನೆಯ ಭಾಗ, ಅದೂ ಎಡಗಡೆಯದಷ್ಟೇ ಅದಕ್ಕೆ ಕಾಣುವುದು. ಮನೆ ನೋಡಲು ಬಂದವರು ಹಾಲ್ ಮಾತ್ರ ನೋಡಿಕೊಂಡು ಹೋದ ಹಾಗೆ. ಹೆಚ್ಚಿನ ಸಲ ಅಷ್ಟು ಸಾಕು. ಸಾಲದಿದ್ದರೆ ಪೂರ್ತಿ ಕರುಳು ನೋಡುವ ಉದ್ದನೆಯ ಪರೀಕ್ಷೆ ಬೇರೆ ಇದೆ, ಅದಕ್ಕೆ ಹಿಂದಿನ ದಿನದಿಂದ ತಯಾರಿ ಬೇಕು. ಯಾರಿಗೆ ಯಾವುದು ಎನ್ನುವುದನ್ನು ಡಾಕ್ಟರು ಫಾರಂ ನೋಡಿ ತೀರ್ಮಾನಿಸುತ್ತಾರೆ. ಎಷ್ಟು ದಿನದಿಂದ, ಯಾವ ಬಣ್ಣ, ಸುಸ್ತಿದೆಯೇ, ತೂಕ ಇಳಿದಿದೆಯೇ. ಆ ಫಾರಂ ತುಂಬಿದವಳು ನಾನು.

ನಮ್ಮ ಡಾಕ್ಟರು ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಕೈ ಚುರುಕು, ಮಾತು ಮಿತ. ಫಾರಂ ಮೇಲೆ ಕಣ್ಣಾಡಿಸಿ, "ಒಂದು ತಿಂಗಳು, ಕೆಂಪು ರಕ್ತ. ಸರಿ ನೋಡೋಣ," ಎಂದರು. ನಾನು ಗುಂಡನ ತಲೆಯ ಹತ್ತಿರ ನಿಂತೆ. ಅಕ್ಕನಾಗಿ ನಿಂತಿದ್ದೇನೆ, ನರ್ಸಾಗಿ ಅಲ್ಲ, ಎಂದು ಮೊದಲೇ ಹೇಳಿ ಒಪ್ಪಿಸಿದ್ದೆ. ಅವನು ನನ್ನ ಕೈ ಹುಡುಕಿ ಹಿಡಿದುಕೊಂಡ. ತಣ್ಣಗಿತ್ತು.

ಪರದೆಯ ಮೇಲೆ ಗುಲಾಬಿ ಬಣ್ಣದ ಸುರಂಗ ತೆರೆಯಿತು. ಸ್ವಲ್ಪ ದೂರಕ್ಕೆ ನುಣುಪಾದ ಗೋಡೆ, ಅಲ್ಲಲ್ಲಿ ಮಲದ ಚೂರು. ಡಾಕ್ಟರು ನೀರು ಚಿಮ್ಮಿಸಿ ತೊಳೆದರು, ಮುಂದೆ ಹೋದರು, ಮತ್ತೆ ತೊಳೆದರು. ಆಮೇಲೆ ಪರದೆ ಪೂರ್ತಿ ಕಂದಾಗಿಬಿಟ್ಟಿತು.

"ಎನಿಮಾ ಸರಿಯಾಗಿ ಕೆಲಸ ಮಾಡಿಲ್ಲ," ಎಂದರು ಡಾಕ್ಟರು. "ಹೊಟ್ಟೆ ಉಬ್ಬರಿಸ್ತಿದೆಯಾ?"

"ಪರವಾಗಿಲ್ಲ ಸರ್," ಎಂದ ಗುಂಡ, ಹಲ್ಲು ಕಚ್ಚಿಕೊಂಡು.

ಕೊಳವೆಯನ್ನು ನಿಧಾನಕ್ಕೆ ಹಿಂದಕ್ಕೆ ತಂದು, ಹೊರಬರುವ ಮುಂಚೆ ತುದಿಯನ್ನು ತಿರುಗಿಸಿ ನೋಡಿದರು. ಅಲ್ಲಿದ್ದವು. ಊದಿದ, ಕೆಂಪು ಕೆಂಪಾದ ಮೂರು ಗಂಟು, ಒಂದರ ಮೇಲೆ ಹಸಿ ರಕ್ತದ ಗುರುತು.

"ಇಲ್ಲಿದೆ ನೋಡಿ. ಮೂಲವ್ಯಾಧಿ. ಅರ್ಧದವರೆಗೆ ಮಾತ್ರ ನೋಡೋಕಾಯ್ತು, ಆದ್ರೆ ಒಂದು ತಿಂಗಳ ಕೆಂಪು ರಕ್ತಕ್ಕೆ ಇದೇ ಸಾಕಷ್ಟು ಕಾರಣ. ಔಷಧಿ ಬರೀತೀನಿ. ಎರಡು ತಿಂಗಳಲ್ಲಿ ನಿಲ್ಲದೇ ಇದ್ರೆ ಮತ್ತೆ ಬನ್ನಿ."

ಗುಂಡ ಮಲಗಿದ್ದಲ್ಲಿಂದಲೇ ಕತ್ತು ಎತ್ತಿ ನನ್ನನ್ನು ನೋಡಿದ. ಕಣ್ಣಲ್ಲಿ ನೀರಿತ್ತು, ಉಬ್ಬರದ ನೋವಿಗೋ ಏನೋ. ಮುಖ ಮಾತ್ರ ಅರಳಿತ್ತು.

"ನೋಡಿದ್ಯಾ ಅಕ್ಕಾ. ನೀನು ಹೇಳಿದ್ದೇ ಆಯ್ತು," ಎಂದ.

ತನಗೆ ಏನೂ ಇಲ್ಲವೆಂದು ಅವನಿಗೆ ಸಮಾಧಾನವಾಗಿರಲಿಲ್ಲ. ನಾನು ಹೇಳಿದ್ದು ತಪ್ಪಾಗಲಿಲ್ಲವಲ್ಲ ಎಂದು ಸಮಾಧಾನವಾಗಿತ್ತು. ನನಗೂ ಆಗಿತ್ತು. ಮೂರು ವಾರದ ಕಲ್ಲು ಕೆಳಗಿಳಿದಿತ್ತು. ಎಷ್ಟು ಸುಖವಾಗಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ.

ಬಳಸಿದ ಕೊಳವೆಯನ್ನು ತೊಳೆಯುವ ಕೋಣೆಗೆ ನಾನೇ ಒಯ್ದೆ. ಒಳಗೆಲ್ಲ ಬ್ರಷ್ ತೂರಿಸಿ ಉಜ್ಜಬೇಕು, ತುದಿಯಿಂದ ಹೊರಬಂದ ಬ್ರಷ್ ಬಿಳಿಯಾಗಿರುವ ತನಕ. ಒಂದು ಸಲ, ಎರಡು ಸಲ, ಮೂರು ಸಲ ಎಳೆದೆ. ಪ್ರತಿ ಸಲ ಕೊಳೆಯೇ ಬಂತು. ಎನಿಮಾ ಸರಿಯಾಗಿ ಕೆಲಸ ಮಾಡಿಲ್ಲ ಎಂದು ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇತ್ತು. ಅದು ಕೆಲಸ ಮಾಡದೇ ಏನು. ನಾವು ಮಾಡಲು ಬಿಡಲಿಲ್ಲ.

ಆದರೂ ಮೂಲವ್ಯಾಧಿ ಕಂಡಿದೆಯಲ್ಲ, ಎಂದುಕೊಂಡೆ. ಕಣ್ಣಾರೆ ಕಂಡಿದೆಯಲ್ಲ.

ಬಟ್ಟೆ ಬದಲಿಸುವ ಗೂಡಿಗೆ ಅವನ ಬಟ್ಟೆಯ ಚೀಲ ಕೊಡಲು ಹೋದೆ. ಪ್ಯಾಂಟು ಮೇಲಿತ್ತು, ಬೆಲ್ಟು ಅದರಲ್ಲೇ ಇತ್ತು. ಕೈಗೆ ಕೊಡುವಾಗ ನೋಡಿದೆ. ಬೆಲ್ಟಿನಲ್ಲಿ ಅಂಗಡಿಯವರು ಮಾಡಿದ ತೂತುಗಳಾದ ಮೇಲೆ, ಒಳಗಡೆಗೆ, ಮೊಳೆ ಹೊಡೆದು ಮಾಡಿದ ಇನ್ನೂ ಮೂರು ತೂತುಗಳಿದ್ದವು. ಅಂಚು ಹರಿದು, ಸೊಟ್ಟಗೆ. ಕೊನೆಯದು ಹೊಸದು.

"ಇದ್ಯಾವಾಗ?" ಎಂದೆ.

"ಯಾವುದು?" ನೋಡಿದ. "ಓ ಅದಾ. ಒಂದು ಹೋದ ತಿಂಗಳು. ಮಿಕ್ಕಿದ್ದು ಅದಕ್ಕೂ ಮುಂಚೆ. ನೀನೇ ಹೇಳಿದ್ದೆಯಲ್ಲ, ಸೊಪ್ಪು ಹಣ್ಣು ತಿನ್ನು ಅಂತ. ಇಳಿದೆ."

"ಗುಂಡ, ನಿಜ ಹೇಳು. ಸುಸ್ತಾಗತ್ತಾ?"

ಅವನು ಪ್ಯಾಂಟು ಹಾಕಿಕೊಳ್ಳುತ್ತ ಗೋಡೆಗೆ ಒರಗಿದ. "ನಮ್ಮ ಸ್ಕೂಲ್ ಮೂರನೇ ಮಹಡಿಯಲ್ಲಿದೆಯಲ್ಲ. ಒಂದೊಂದು ಮಹಡಿಗೂ ನಿಂತು ಮೊಬೈಲ್ ನೋಡೋ ಹಾಗೆ ಮಾಡ್ತೀನಿ. ವಯಸ್ಸಾಯ್ತಲ್ಲ."

"ರಕ್ತ ಆಗಿಂದ್ಲೂ ಹೋಗ್ತಾನೇ ಇದೆಯಾ? ನನಗೆ ಫೋನ್ ಮಾಡಿದಾಗಿಂದ?"

ಅವನು ಬೆಲ್ಟನ್ನು ಕೊನೆಯ ತೂತಿಗೆ ಎಳೆದು ಹಾಕಿದ.

"ಆವತ್ತು ಫೋನಲ್ಲಿ ಒಂದೊಂದ್ಸಲ ಮಾತ್ರ ಅಂದೆ. ಒಂದೊಂದ್ಸಲ ಏನು?"

ಎಂಟು ತಿಂಗಳ ಹಿಂದಿನ ಅರ್ಧ ಮಾತು ಅವನಿಗೆ ನೆನಪಿರಲಾರದು ಎಂದುಕೊಂಡಿದ್ದೆ. ನೆನಪಿತ್ತು.

"ಒಂದೊಂದ್ಸಲ ಮಾತ್ರ ಕಪ್ಪಗೆ, ಒಳಗೇ ಕಲಸಿಕೊಂಡು ಬರತ್ತೆ, ಅಂತ ಹೇಳೋಣ ಅಂತಿದ್ದೆ," ಎಂದ. "ಅಷ್ಟರಲ್ಲಿ ನೀನು ಏನು ಅಂತ ಹೇಳ್ಬಿಟ್ಟೆ."

ಕಪ್ಪಗೆ ಕಲಸಿಕೊಂಡು ಬರುವ ರಕ್ತ ಬಾಗಿಲ ಹತ್ತಿರದ ಮೂಲವ್ಯಾಧಿಯದಲ್ಲ. ಅದು ದೂರದಿಂದ ಬರುವುದು. ನಮ್ಮ ಗಿಡ್ಡ ಕೊಳವೆ ಹೋಗಲಾರದ ಕಡೆಯಿಂದ. ಇದನ್ನು ಹೊಸದಾಗಿ ಬರುವ ನರ್ಸುಗಳಿಗೆ ಪಾಠ ಮಾಡುವವಳು ನಾನೇ.

"ಆಮೇಲಾದ್ರೂ ಹೇಳ್ಬಾರದಿತ್ತಾ?"

"ಎಲ್ಲಿ ಹೇಳೋದು? ಆವತ್ತು ಆ ದಿಂಬು ಕೊಟ್ಟಮೇಲೆ ಎಲ್ರೂ ನನ್ನ ನೋಡಿದ್ರೆ ಸಾಕು, ಹೇಗಿದೆ ಸೀಟು ಅಂತ ಕೇಳೋರು." ನಗುತ್ತಲೇ ಹೇಳಿದ. "ಒಂದು ತಿಂಗಳು ಅಂತ ಯಾಕೆ ಹೇಳಿದೆ ಗೊತ್ತಾ? ಎಂಟು ಅಂದ್ರೆ, ಇಷ್ಟು ದಿನ ಯಾಕೆ ಸುಮ್ನಿದ್ದೆ ಅಂತ ಕೇಳ್ತಾರೆ. ನಮ್ಮಕ್ಕ ಇಲ್ಲೇ ನರ್ಸು, ಅವಳೇ ಹೇಳಿದ್ಲು ಅಂತ ಹೇಳ್ಬೇಕಾ? ಇಲ್ಲಿ ಎಲ್ರೂ ನಿನಗೆ ಎಷ್ಟು ಮರ್ಯಾದೆ ಕೊಡ್ತಾರೆ. ಬಿಡು, ಏನೂ ಇಲ್ಲ ಅಂತ ಆಯ್ತಲ್ಲ."

ನಾನು ಪರದೆ ಎಳೆದು ಹೊರಗೆ ಬಂದೆ.

ಪರೀಕ್ಷೆಯ ಕೋಣೆಯ ಬಾಗಿಲು ಹನ್ನೆರಡು ಹೆಜ್ಜೆ ದೂರ. ಒಳಗೆ ಡಾಕ್ಟರು ವರದಿ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ನಾಲ್ಕನೆಯ ರೋಗಿ ಮಂಚದ ಮೇಲೆ ಬಂದಾಗಿತ್ತು. ನಾನು ಅಲ್ಲೇ, ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತೆ. ಆಗ ನನ್ನ ತಲೆಯಲ್ಲಿ ಬಂದದ್ದನ್ನೆಲ್ಲ ಹೇಳುತ್ತೇನೆ, ಬಚ್ಚಿಟ್ಟು ಪ್ರಯೋಜನವಿಲ್ಲ. ಈಗ ಸುಮ್ಮನಿದ್ದು, ನಾಳೆ ಮನೆಗೆ ಹೋಗಿ, ಯಾಕೋ ಸಮಾಧಾನವಿಲ್ಲ ಇನ್ನೊಂದು ಪರೀಕ್ಷೆ ಮಾಡಿಸೋಣ ಎಂದು ಅವನನ್ನು ಬೇರೆ ಆಸ್ಪತ್ರೆಗೆ ಕರೆದೊಯ್ಯಬಹುದು. ಅಲ್ಲಿ ಎಂಟು ತಿಂಗಳು ಎಂದು ಬರೆಸಬಹುದು. ಅಲ್ಲಿ ನನ್ನನ್ನು ಯಾರೂ ಹೆಡ್‌ಮೇಡಂ ಎನ್ನುವುದಿಲ್ಲ. ಹೊಸ ಜಾಗ, ಹೊಸ ಸಾಲು, ಇನ್ನು ಆರು ವಾರವಾದರೂ ಬೇಕು. ಆರು ವಾರ ಎಂದು ಲೆಕ್ಕ ಹಾಕಿದಾಗ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎಂಟು ತಿಂಗಳು ಸಾಲದೆ ಇನ್ನೂ ಆರು ವಾರ ಕೊಡಲು ಹೊರಟಿದ್ದೆ.

ಒಳಗೆ ಹೋದೆ.

"ಸರ್, ಮೂರನೇ ಪೇಷೆಂಟ್ ವರದಿಗೆ ಸಹಿ ಹಾಕ್ಬೇಡಿ."

ಡಾಕ್ಟರು ತಿರುಗಿದರು. ನನ್ನ ಜೊತೆಯವಳು, ನಾಲ್ಕನೆಯ ರೋಗಿ, ಗಾಲಿಕುರ್ಚಿ ತಳ್ಳುವವನು, ಎಲ್ಲರೂ ಇದ್ದರು. ಅವರೆಲ್ಲ ಹೊರಗೆ ಹೋಗಲೆಂದು ಕಾದರೆ ನನ್ನ ಧೈರ್ಯವೂ ಜೊತೆಗೇ ಹೊರಗೆ ಹೋಗುತ್ತದೆ ಎಂದು ಗೊತ್ತಿತ್ತು.

"ಒಂದು ತಿಂಗಳಲ್ಲ, ಎಂಟು ತಿಂಗಳು. ಮೊದಲನೇ ದಿನವೇ ನನಗೆ ಹೇಳಿದ್ದ. ಮೂಲವ್ಯಾಧಿ ಅಂತ ನಾನೇ ಹೇಳಿ ಸುಮ್ಮನಿರಿಸಿದೆ. ಫಾರಂನಲ್ಲಿ ಒಂದು ಅಂತ ಬರೆದಿದ್ದೂ ನಾನೇ, ಸುಳ್ಳು ಅಂತ ಗೊತ್ತಿದ್ದೂ ಬರೆದೆ. ತೂಕ ಇಳಿದಿದೆ, ಮೆಟ್ಟಿಲು ಹತ್ತೋಕಾಗಲ್ಲ, ಕಪ್ಪಗೂ ಹೋಗ್ತಿದೆ. ಎನಿಮಾ ಮೂರು ನಿಮಿಷ ಕೂಡ ಹಿಡ್ಕೊಂಡಿಲ್ಲ. ಅದೂ ನನಗೆ ಗೊತ್ತಿತ್ತು."

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿಯಾದರೂ ಹಗುರಾಗುತ್ತಿದ್ದೆ. ಎದ್ದು ಗೂಡಿಗೆ ಹೋದರು. ಗುಂಡನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿದರು. ಒಳಗೆ ಕೆಂಪಿರಬೇಕಾದ ಕಡೆ ಕಾಗದದ ಹಾಗೆ ಬಿಳಿಚಿಕೊಂಡಿತ್ತು. ಆ ಕಣ್ಣನ್ನು ಎಂಟು ತಿಂಗಳಲ್ಲಿ ಎಷ್ಟು ಸಲ ನೋಡಿದ್ದೆನೋ.

"ಇವತ್ತೇ ರಕ್ತ ಪರೀಕ್ಷೆ. ಈ ವಾರದಲ್ಲೇ ಪೂರ್ತಿ ಕರುಳು ನೋಡ್ಬೇಕು," ಎಂದು ನನ್ನ ಜೊತೆಯವಳಿಗೆ ಹೇಳಿ, ನನ್ನ ಕಡೆ ತಿರುಗಿದರು. "ಫಾರಂ ಸರಿ ಮಾಡಿ."

ಅದಕ್ಕೊಂದು ಕ್ರಮವಿದೆ. ತಪ್ಪು ಬರೆದದ್ದನ್ನು ಗೀಚಿ ಮುಚ್ಚುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು ಬರೆದು, ದಿನಾಂಕ, ಸಮಯ, ಸಹಿ. ನಾನು ಒಂದರ ಮೇಲೆ ಗೆರೆ ಎಳೆದೆ. ಎಂಟು ಎಂದು ಬರೆದೆ.

ಗುಂಡ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದ. "ಯಾಕಕ್ಕಾ ಎಲ್ರ ಮುಂದೆ ಹೇಳಕ್ಕೆ ಹೋದೆ?" ಎಂದ, ನನ್ನ ಬಗ್ಗೆಯೇ ಮರುಕಪಟ್ಟು.

ಅವನ ಹೆಂಡತಿಗೂ ನಾನೇ ಹೇಳಿದೆ. ಅವಳು ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುವವಳು, ದನಿ ಎತ್ತಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆವತ್ತೂ ಎತ್ತಲಿಲ್ಲ.

"ಐದು ತಿಂಗಳ ಹಿಂದೇನೇ, ಇವರು ಸೊರಗೋದು ನೋಡಿ, ನಾನು ಹೇಳಿದ್ದೆ, ಒಂದ್ಸಲ ತೋರಿಸೋಣ ಅಂತ," ಎಂದಳು. "ಅಕ್ಕ ಹೇಳಿದ್ದಾಳೆ, ನಿನಗಿಂತ ಅವಳಿಗೆ ಚೆನ್ನಾಗಿ ಗೊತ್ತು ಅಂದ್ರು. ನಾನೂ ಹೌದು ಅಂದ್ಕೊಂಡೆ."

ಅಷ್ಟು ಹೇಳಿ ಅವಳು ಕೈಚೀಲದ ಜಿಪ್ಪನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ನಾಲ್ಕನೇ ದಿನ ಉದ್ದನೆಯ ಪರೀಕ್ಷೆಯಾಯಿತು. ಬಲಗಡೆ, ದೊಡ್ಡ ಕರುಳು ಶುರುವಾಗುವ ಕಡೆ, ಗಡ್ಡೆ ಸಿಕ್ಕಿತು. ತುಂಡು ತೆಗೆದು ಕಳಿಸಿದರು. ಅದು ನಾನು ಹೆದರಿದ್ದೇ ಆಗಿತ್ತು. ಸ್ಕ್ಯಾನಿನಲ್ಲಿ ಯಕೃತ್ತು, ಶ್ವಾಸಕೋಶ ಚೊಕ್ಕಟವಾಗಿದ್ದವು. ಸುತ್ತಲಿನ ದುಗ್ಧಗ್ರಂಥಿಗಳಿಗೆ ಹಬ್ಬಿದೆಯೋ ಇಲ್ಲವೋ ಆಪರೇಷನ್ ಮಾಡಿ ತೆಗೆದು ನೋಡಿದ ಮೇಲೆಯೇ ಗೊತ್ತಾಗುವುದು.

ಡಾಕ್ಟರು ಒಬ್ಬರೇ ಇದ್ದಾಗ ಕೇಳಿದೆ. "ಎಂಟು ತಿಂಗಳ ಹಿಂದೆ ನೋಡಿದ್ರೆ?"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಆಗ ಎಷ್ಟಿತ್ತು ಅಂತ ಯಾರೂ ಹೇಳಕ್ಕಾಗಲ್ಲ," ಎಂದರು. "ಇದಕ್ಕಿಂತ ಚಿಕ್ಕದಿರ್ತಿತ್ತು."

ಸುಳ್ಳು ಹೇಳದೆ ಇದ್ದುದಕ್ಕೆ ನಾನು ಅವರಿಗೆ ಋಣಿ.

ಆಪರೇಷನ್ ಬೆಳಿಗ್ಗೆ ಎಂಟಕ್ಕೆ. ನಾನು ರಜೆ ಹಾಕಿದ್ದೆ, ಯೂನಿಫಾರಂ ಇಲ್ಲದೆ ಆ ಕಾರಿಡಾರಿನಲ್ಲಿ ನಿಲ್ಲುವುದು ಬೇರೆ ಯಾರದೋ ಮನೆಯಲ್ಲಿ ನಿಂತ ಹಾಗಿತ್ತು. ಗುಂಡನನ್ನು ಗಾಲಿಮಂಚದ ಮೇಲೆ ತಂದರು. ಹಸಿರು ಟೋಪಿಯೊಳಗೆ ಮುಖ ಮತ್ತಷ್ಟು ಸಣ್ಣದಾಗಿ ಕಂಡಿತು, ಅವನನ್ನು ಗುಂಡ ಎಂದು ಕರೆಯಲು ನಾಲಿಗೆ ಬರಲಿಲ್ಲ. ಅವನು ಹೆಂಡತಿಯ ಕೈಗೆ ವಾಚು ಕೊಟ್ಟ, ಕನ್ನಡಕ ಕೊಟ್ಟ. ಆಮೇಲೆ ಅವಳ ಕಾಲ ಬಳಿಯಿದ್ದ ಚೀಲದ ಕಡೆ ಕೈ ಮಾಡಿ, "ಅದನ್ನ ಅಕ್ಕಂಗೆ ಕೊಡು," ಎಂದ.

ಅವಳು ಚೀಲದಿಂದ ತೆಗೆದು, ನನ್ನ ಮುಖ ನೋಡದೆ ಕೊಟ್ಟಳು. ಆ ನೀಲಿ ದಿಂಬು.

"ಕಾರಲ್ಲಿತ್ತು, ತರಿಸ್ದೆ," ಎಂದ ಗುಂಡ. "ನಾಲ್ಕು ಗಂಟೆ ಆಗತ್ತಂತೆ. ಇಲ್ಲಿಯ ಬೆಂಚು ಗಟ್ಟಿ. ನಿನಗೆ ಸೊಂಟ ನೋವು ಬೇರೆ."

ಅಣಕಿಸಲು ಹೇಳಿದ್ದಲ್ಲ. ಹಾಗೆ ಅಣಕಿಸುವುದು ನಮ್ಮಿಬ್ಬರಲ್ಲಿ ನನಗೆ ಮಾತ್ರ ಬರುತ್ತದೆ. ನಾನು ಅವನ ಹಣೆ ಮುಟ್ಟಿ, "ತಪ್ಪಾಯ್ತು ಕಣೋ," ಎಂದೆ. "ಆಯ್ತು ಬಿಡೇ," ಎಂದ. ಮಂಚ ಒಳಗೆ ಹೋಯಿತು, ಬಾಗಿಲು ಮುಚ್ಚಿತು.

ಅವನ ಹೆಂಡತಿ ಬೆಂಚಿನ ಆ ತುದಿಗೆ ಕೂತಳು. ನಾನು ಈ ತುದಿಗೆ ಬಂದು ದಿಂಬನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ. ನಾನು ಕೊಟ್ಟಾಗ ಅದು ಬೆರಳು ಒತ್ತಿದರೆ ಮೇಲೇಳುತ್ತಿತ್ತು. ಈಗ ಚಪ್ಪಟೆಯಾಗಿ, ಬಟ್ಟೆ ಸವೆದು, ಬಲಗಡೆಗೆ ಹೆಚ್ಚು ಒತ್ತಿಹೋಗಿತ್ತು, ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಕೂರುವವನ ಭಾರಕ್ಕೆ. ಒಂದು ಕಡೆ ಹೊಲಿಗೆ ಬಿಟ್ಟದ್ದನ್ನು ಯಾರೋ ಕಪ್ಪು ದಾರದಿಂದ ಮತ್ತೆ ಹಾಕಿದ್ದರು. ನಾನು ಅದನ್ನು ಎಲ್ಲರೂ ನಗಲೆಂದು ತಂದಿದ್ದೆ. ಅವನು ಎಂಟು ತಿಂಗಳು, ದಿನವೂ, ವಾಸಿಯಾಗುತ್ತದೆಂದು ಅದರ ಮೇಲೆ ಕೂತಿದ್ದ.